ಸ್ಟೆಪ್ನಿಗೂ ಒಂದು ಲಿಂಬೆಹಣ್ಣು

ನಮ್ಮ ಮಾಮಾ ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಕಾರು ಕೊಳ್ಳಲು ಅವರಷ್ಟು ಚೆನ್ನಾಗಿ ಇಡೀ ಇಂಡಿ ತಾಲೂಕಿನಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ! ಸ್ಟೇರಿಂಗ್ ಹಿಡಿಯಲು ಬಾರದವರಿಗೆ ಎಪ್ಪತ್ತರ ವಯಸ್ಸಿನಲ್ಲಿ ಕಾರೇಕೆ ಎಂದು ಯಾರಾದರೂ ಕೇಳಿದರೆ, "ವಿಮಾನ ಹತ್ತೋರೆಲ್ಲಾ ಪೈಲಟ್ ಇರ್ತಾರೇನು?" ಎಂದು ಅವರ ಬಾಯಿಯನ್ನೇ ಮುಚ್ಚಿಸುತ್ತಾರೆ. ಹಾಗಾದರೆ ಪೈಲಟ್ ಯಾರು? ಇನ್ಯಾರು, ನಾನೇ! ಅವರ ತಂಗಿಯ ಮಗಳು. ಸಿಂದಗಿಯಲ್ಲಿ ಹೈಸ್ಕೂಲು ಶಿಕ್ಷಕಿ. ನಲವತ್ತಾರು ತುಂಬಿದರೂ ಮಾಮಾನ ಬಾಯಲ್ಲಿ ನಾನಿನ್ನೂ "ಕೂಸು".

ಈ ಕಾರಿನ ಹಿಂದೆ ಇದ್ದದ್ದು ಎರಡು ಮೊಣಕಾಲು. ಎರಡೂ ಮಾಮಿಯವು. ಮಾಮಿಯ ತವರು ಸೊಲ್ಲಾಪುರ. ಮೊಣಕಾಲು ಮುಷ್ಕರ ಹೂಡಿದ ಮೇಲೆ ಬಸ್ಸಿನ ಮೆಟ್ಟಿಲು ಏರಲಾಗದೆ ಮೂರು ವರ್ಷದಿಂದ ಅವರು ಆ ಕಡೆ ಹೋಗಿರಲಿಲ್ಲ. ಈಗ ಅವರ ಅಣ್ಣನ ಸಹಸ್ರಚಂದ್ರ ದರ್ಶನದ ಶಾಂತಿ ಬಂದಿತ್ತು. ಎಂಬತ್ತು ದಾಟಿದ ಅಣ್ಣ, ಒಬ್ಬಳೇ ತಂಗಿ. ಹೋಗದಿದ್ದರೆ ಹೇಗೆ? ಬಾಡಿಗೆ ಕಾರು ಮಾಡಿ ಎಂದೆ.

"ತವರಿಗೆ ಹೋಗೋ ಹೆಣ್ಣುಮಗಳು ಬಾಡಿಗಿ ಗಾಡ್ಯಾಗಿಂದ ಇಳದರ ಚಂದ ಕಾಣ್ತದೇನು?" ಎಂದು ಮಾಮಾ ಸಿಡುಕಿದರು.

ಮಾಮಿ ಮಾತ್ರ, "ನನ್ನ ಸಲುವಾಗಿ ಯಾರೂ ತ್ರಾಸ ತೊಗೋಬ್ಯಾಡ್ರಿ. ಫೋಟೋ ಕಳಸ್ತಾರ, ನೋಡ್ತೀನಿ" ಎಂದು ಅಡುಗೆಮನೆಗೆ ಹೋಗಿ ಒಗ್ಗರಣೆಯನ್ನು ಸ್ವಲ್ಪ ಜೋರಾಗಿಯೇ ಹಾಕಿದರು.

ಮರುದಿನವೇ ಮಾಮಾ ಕಾರು ತೆಗೆದುಕೊಳ್ಳುವುದಾಗಿ ಘೋಷಿಸಿದರು. ಶಾಂತಿಗೆ ಇನ್ನು ಮೂರೇ ವಾರ. ಕೊಳ್ಳುವುದೋ ಕೊಳ್ಳಿ, ವಿಜಯಪುರದಲ್ಲಿ ಅದೇ ಕಾರು ಸಿಗುತ್ತದಲ್ಲ? ಉಹೂಂ! ಸೊಲ್ಲಾಪುರದ್ದೇ ಆಗಬೇಕು! ಗಡಿಯಾಚೆ ಕೊಂಡರೆ ತೆರಿಗೆಯನ್ನು ಮತ್ತೆ ನಮ್ಮ ರಾಜ್ಯದಲ್ಲೇ ತುಂಬಬೇಕು, ನೋಂದಣಿಗೆ ಓಡಾಡಬೇಕು, ಲಾಭ ನಯಾಪೈಸೆ ಇಲ್ಲ. ಹೀಗೆಂದು ಬೆರಳು ಮಡಚಿ ಮಡಚಿ ಹೇಳಿದೆ. ಹೇಳಿದ್ದು ಯಾರಿಗೆ? ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರರಿಗೆ! "ಅಲ್ಲಿ ಬಣ್ಣ ಛಲೋ ಬರ್ತದ" ಎಂದರು. ನೆರೆಮನೆಯವರಿಗೆ "ಆ ಕಡೆ ಗಾಡಿಗೆ ದಮ್ಮು ಭಾಳ" ಎಂದರು. ಹಾಲಿನವನಿಗೆ ಕೊಟ್ಟ ಕಾರಣ ಇನ್ನೊಂದೇ. ಒಂದಕ್ಕೊಂದು ತಾಳಮೇಳವಿಲ್ಲ.

ಶೋರೂಮಿಗೆ ಹೋದೆವು. ಎಲ್ಲರೂ ಕಾರಿನ ಮೂತಿ ನೋಡಿದರೆ ನಮ್ಮ ಮಾಮಾ ಜೇಬಿನಿಂದ ಅಳತೆ ಟೇಪು ತೆಗೆದರು. ಮಾಮಿ "ಅಯ್ಯ ರಾಮಾ" ಎನ್ನದೆ ಕೂತು ಏಳುವುದು ಪಡಸಾಲೆಯ ಕಟ್ಟೆಯ ಮೇಲೆ ಮಾತ್ರ. ಅದರ ಎತ್ತರ ಇಪ್ಪತ್ತೆರಡು ಇಂಚು. ನೆಲದಿಂದ ಸೀಟಿಗೆ ಇಪ್ಪತ್ತೆರಡು ಇಂಚು ಇರುವ ಕಾರು ಬೇಕು, ಅಷ್ಟೇ! ಶೋರೂಮಿನ ಹುಡುಗ ಸೊಲ್ಲಾಪುರದ ಕನ್ನಡದಲ್ಲಿ ಬೇಡಿಕೊಂಡ: "ಕಾಕಾ, ಮೈಲೇಜ್ ಕೇಳ್ರಿ. ಎಲ್ಲಾರೂ ಅದನ್ನ ಕೇಳ್ತಾರ."

"ಮೈಲೇಜ್ ಗಾಡೀದು. ಮೊಣಕಾಲು ನನ್ನ ಹೆಂಡ್ತೀದು. ನೀ ಟೇಪ್ ಹಿಡಿ."

ಒಂಬತ್ತು ಕಾರುಗಳ ಅಳತೆಯಾದ ಮೇಲೆ ಒಂದು ಬಿಳಿ ಕಾರು ಪಾಸಾಯಿತು.

ಕಾರು ಕೈಗೆ ಕೊಡುವ ದಿನದ ಪೂಜೆಗೆ ಮಾಮಾ ಇಂಡಿಯಿಂದಲೇ ಲಿಂಬೆಹಣ್ಣು ಒಯ್ದಿದ್ದರು. ಲಿಂಬೆಗೇ ಹೆಸರಾದ ಇಂಡಿಯವರು ಪರರಾಜ್ಯದ ಲಿಂಬೆಹಣ್ಣು ಮುಟ್ಟುವುದುಂಟೇ? ನಾಲ್ಕು ಗಾಲಿಗೆ ನಾಲ್ಕು ಇಟ್ಟೆವು. ಮಾಮಾ ಐದನೆಯದನ್ನು ತೆಗೆದರು.

"ಇದು ಯಾರಿಗೆ?" ಎಂದೆ.

"ಸ್ಟೆಪ್ನಿಗೆ! ನಾಳೆ ಅಡವ್ಯಾಗ ಕೈ ಹಿಡಿಯೂದು ಅದ. ಅದಕ್ಕ ದೃಷ್ಟಿ ತೆಗೀದ ಬಿಡೂದೇನು?"

ಶೋರೂಮಿನ ನಾಲ್ಕು ಮಂದಿ ಸೇರಿ ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿ, ಲಿಂಬೆಹಣ್ಣಿನ ಮೇಲೆ ಉರುಳಿಸಿ, ಚಪ್ಪಾಳೆ ತಟ್ಟಿ ಮತ್ತೆ ಒಳಗಿಟ್ಟರು! ಅಲ್ಲಿಗಾದರೂ ಮುಗಿಯಿತೇ? ನಮ್ಮದು ವೈಷ್ಣವರ ಮನೆ. ಸ್ನಾನವಾದ ಮೇಲೆ ಮೈಗೆ ಗೋಪೀಚಂದನದ ಶಂಖ ಚಕ್ರದ ಮುದ್ರೆ ಹಚ್ಚಿಕೊಳ್ಳದೆ ಮಾಮಾ ನೀರೂ ಕುಡಿಯುವುದಿಲ್ಲ. "ಗಾಡೀದು ಖರೇ ಗುರ್ತು ಎಲ್ಲಿರ್ತದ?" ಎಂದು ಶೋರೂಮಿನ ಹುಡುಗನನ್ನು ಕೇಳಿದರು. ಪಾಪ, ಅವನು ಮುಂದಿನ ಸೀಟಿನ ಕೆಳಗೆ ಚಾಪೆ ಎತ್ತಿ, ಕಬ್ಬಿಣದಲ್ಲಿ ಕೊರೆದ ಚಾಸಿ ನಂಬರು ತೋರಿಸಿದ. ಮಾಮಾ ಅದೇ ಕಾರಿನ ಹಣೆ ಎಂದು ನಿಶ್ಚಯಿಸಿ, ಗಟ್ಟಿಯಾಗಿ ತೇಯ್ದ ಗೋಪೀಚಂದನದಲ್ಲಿ ಸಾಲಾಗಿ ಮುದ್ರೆ ಒತ್ತಿದರು. ನಾನು ಮೂರ್ಖಳ ಹಾಗೆ ಕೈ ಮುಗಿದು ನಿಂತಿದ್ದೆ.

ತಾತ್ಕಾಲಿಕ ನಂಬರಿನಲ್ಲಿ ಹೊರಟೆವು. ಮಾಮಾಗೆ ಏನು ಹುರುಪು ಅಂತೀರಿ! ಹೊಸ ಸೀಟಿನ ವಾಸನೆ, ತೊಡೆಯ ಮೇಲೆ ಮೂರು ಮೂರು ಪ್ರತಿ ಮಾಡಿಸಿದ ಕಾಗದದ ಫೈಲು, ಹಿಂದಿನಿಂದ ಬಂದ ಪ್ರತಿ ಕಬ್ಬಿನ ಲಾರಿಗೂ ಕಿಟಕಿಯಿಂದ ಕೈ ಹಾಕಿ "ನೀವು ನಡೀರಿ, ನೀವು ನಡೀರಿ" ಎಂಬ ಉಪಚಾರ. ಭೀಮಾ ನದಿಯ ಸೇತುವೆ ದಾಟಿ ಕರ್ನಾಟಕಕ್ಕೆ ಬಂದರೂ ನಮ್ಮನ್ನು ಯಾರೂ ತಡೆಯಲಿಲ್ಲ. ಮಾಮಾನ ಮುಖ ಸಪ್ಪಗಾಯಿತು. ನನಗೆ ಹೇಳಿ ಕಾರನ್ನು ಹಿಂದಕ್ಕೆ ಹೊರಳಿಸಿಸಿಕೊಂಡು, ಚೆಕ್‌ಪೋಸ್ಟಿನಲ್ಲಿ ಚುರುಮುರಿ ತಿನ್ನುತ್ತ ಕೂತವರ ಮುಂದೆ ಫೈಲು ಬಿಚ್ಚಿದರು.

"ಪರರಾಜ್ಯದಿಂದ ಹೊಸ ಗಾಡಿ ತಂದೀನ್ರಿ. ತಪಾಸ್ ಮಾಡ್ರಿ."

"ಛಲೋ ಆತ್ರಿ ಯಜಮಾನ್ರ. ಪೇಢೆ ಎಲ್ಲೈತಿ?" ಎಂದ ಅವರಲ್ಲೊಬ್ಬ.

ಫೈಲಿನ ಜೊತೆ ಪೇಢೆ ಡಬ್ಬಿಯೂ ಬಿಚ್ಚಿತು.

ಆ ರಾತ್ರಿಯೇ ನಾನೊಂದು ಮಾತು ಆಡಿ ಕೆಟ್ಟೆ. ತಾತ್ಕಾಲಿಕ ನಂಬರಿನಲ್ಲೇ ಶಾಂತಿಗೆ ಹೋಗಿಬರಬಹುದಲ್ಲ ಎಂದೆ. "ನಿಶ್ಚಯ ಆಗೇದ, ಲಗ್ನ ಆಗಿಲ್ಲ! ಅಂಥಾ ಗಾಡ್ಯಾಗ ಆಕೀನ ಕರಕೊಂಡು ಹೋಗಂಗಿಲ್ಲ" ಎಂದು ಮಾಮಾ ಎದ್ದೇ ಹೋದರು. ಸರಿ, ನಂಬರು ಬಂದರೆ ಮಾಮಿಗೆ ಅಣ್ಣನ ಮುಖ, ಇಲ್ಲದಿದ್ದರೆ ಫೋಟೋ.

ನೋಂದಣಿಯ ತಪಾಸಣೆಯ ದಿನ ವಿಜಯಪುರದ ಆರ್‌ಟಿಓ ಕಚೇರಿಗೆ ಹೋದೆವು. ಸಾಹೇಬರು ಚಾಪೆ ಎತ್ತಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುವುದು ಅವರ ಪದ್ಧತಿ. ತಿಕ್ಕಿದರು. ಕಾಗದದ ಮೇಲೆ ಬರೀ ಮಸಿ! ಗೋಪೀಚಂದನ ಒಣಗಿ ಕಲ್ಲಾಗಿ ಅಂಕಿಗಳನ್ನೆಲ್ಲ ನುಂಗಿ ಕೂತಿತ್ತು.

"ಏನ್ರೀ ಇದು? ಸುಣ್ಣ ಬಳದೀರೇನು?"

"ಸುಣ್ಣಲ್ರಿ, ಮುದ್ರಿ."

"ನನಗ ನಂಬರ್ ಬೇಕ್ರಿ. ನಾಳಿಯಿಂದ ಆಫೀಸಿಗೆ ಹಬ್ಬದ ಸೂಟಿ. ಸ್ವಚ್ಛ ಮಾಡಿಸ್ಕೊಂಡು ಸೂಟಿ ಮುಗದ ಮ್ಯಾಲ ಬರ್ರಿ."

ಸೂಟಿ ಮುಗಿಯುವ ಹೊತ್ತಿಗೆ ಶಾಂತಿಯೂ ಮುಗಿದಿರುತ್ತದೆ. ಸಿಟ್ಟಿನಲ್ಲಿ ಚಿಂದಿ ಬಟ್ಟೆ ಹಿಡಿದು ಒರೆಸಲು ಹೋದೆ. "ಮುದ್ರಿ ಅದು! ಚಿಂದಿಲೆ ಒರಸಬ್ಯಾಡ!" ಎಂದು ಚೀರಿದ ಮಾಮಾ, ಅಂಗಡಿಗೆ ಓಡಿ ಹೊಸ ಹಲ್ಲುಜ್ಜುವ ಬ್ರಷ್ ತಂದರು. ಆ ಬಿಸಿಲಿನಲ್ಲಿ, ಇಸ್ತ್ರಿ ಮಾಡಿದ ಧೋತರದಲ್ಲಿ, ಮಣ್ಣಿನ ಮೇಲೆ ಮೊಣಕಾಲೂರಿ, ಹನಿ ಹನಿ ನೀರು ಬಿಟ್ಟು ಒಂದೊಂದೇ ಅಂಕಿ ತಿಕ್ಕಿದರು. ಇಳಿದ ನೀರನ್ನು ಬಾಟಲಿಯಲ್ಲಿ ಹಿಡಿಯುವ ಕೆಲಸ ನನ್ನದು. ಅದು ತುಳಸಿಗೇ ಹೋಗಬೇಕಂತೆ! ಸರದಿಯಲ್ಲಿ ನಿಂತವರೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ನಾಚಿಕೆಯಿಂದ ನಾನು ನೆಲಕ್ಕಿಳಿದುಹೋದೆ.

"ಇಷ್ಟ್ಯಾಕ ಗಡಿಬಿಡಿ ಯಜಮಾನ್ರ?" ಎಂದರು ಸಾಹೇಬರು.

"ಹೆಂಡ್ತಿ ಅಣ್ಣಂದು ಸಹಸ್ರಚಂದ್ರ ಅದರಿ. ಆಕಿಗೆ ಬಸ್ ಏರಲಿಕ್ಕೆ ಆಗಂಗಿಲ್ಲ" ಎಂದರು ಮಾಮಾ, ತಲೆ ಎತ್ತದೆ.

ಸಾಹೇಬರು ತಮ್ಮ ಮೊಬೈಲಿನ ಬೆಳಕು ಹಾಕಿ ಸೀಟಿನ ಕೆಳಗೆ ಹಿಡಿದರು. ಎರಡನೇ ಸಲ ಪೆನ್ಸಿಲ್ ತಿಕ್ಕಿದಾಗ ಕಾಗದದ ಮೇಲೆ ಅಂಕಿಗಳು ಒಂದೊಂದಾಗಿ ಮೂಡಿದವು. ಮಾಮಾ ಹತ್ತನೆಯ ತರಗತಿ ಪಾಸಾದ ಹುಡುಗನ ಹಾಗೆ ಅವನ್ನು ಗಟ್ಟಿಯಾಗಿ ಓದಿದರು!

ಶಾಂತಿಗೆ ಒಂದು ದಿನ ಉಳಿದಿರುವಾಗ ಕಾರಿಗೆ ನಂಬರು ಕೂತಿತು. ಮರುದಿನ ಮಾಮಿ ಇರಕಲ್ ಸೀರೆಯುಟ್ಟು, ಒಂದೇ ಒಂದು ಸಲವೂ "ಅಯ್ಯ ರಾಮಾ" ಎನ್ನದೆ ಸೀಟಿನ ಮೇಲೆ ಕೂತರು. ಸೊಲ್ಲಾಪುರದ ಓಣಿಯಲ್ಲಿ ಮಡಿಯುಟ್ಟ ಅಣ್ಣ ಬಾಗಿಲಿಗೇ ಬಂದು ನಿಂತಿದ್ದರು. ತಂಗಿಯ ಕೈ ಹಿಡಿದು ಇಳಿಸಿಕೊಂಡರು. ಇಬ್ಬರೂ ಅತ್ತರು. ನಾನೂ ಅತ್ತೆ. ಮಾಮಾ ಮಾತ್ರ ಗಾಲಿಯ ಗಾಳಿ ಪರೀಕ್ಷಿಸುತ್ತ ಕೂತರು.

ಸಂಜೆ ಹೊರಡುವಾಗ ಮಾಮಿ ಕಿಟಕಿಯಿಂದ ಓಣಿ ಮರೆಯಾಗುವವರೆಗೆ ನೋಡಿ, ಕೇಳಿದರು: "ಖರೇ ಹೇಳ್ರಿ, ಮನಿ ಬಾಜೂ ವಿಜಯಪುರ ಬಿಟ್ಟು ಇಲ್ಲಿ ಯಾಕ ತೊಗೊಂಡ್ರಿ?"

ಮಾಮಾ ತೊಡೆಯ ಮೇಲಿನ ಫೈಲು ಸರಿಮಾಡಿಕೊಂಡರು. "ಎಲ್ಲಿ ತೊಗೊಂಡೀವಿ ಅಲ್ಲೇ ಸರ್ವಿಸ್ ಮಾಡಸಬೇಕಾಗ್ತದ. ವರ್ಷಕ್ಕ ಎರಡು ಮೂರು ಸಲ ಬರೂದ ಆತು. ಗಾಡಿ ಅಲ್ಲಿ ನಿಂತಾಗ ನೀ ಎಲ್ಲಿ ಕೂಡ್ತೀ? ಅಣ್ಣನ ಮನ್ಯಾಗ ಕೂಡು. ನೀ ಅಂತೂ ಬಾಯಿ ಬಿಟ್ಟು ತವರಿಗೆ ಕರಕೊಂಡು ಹೋಗ್ರಿ ಅನ್ನಾಕಿ ಅಲ್ಲ."

ಈ ಕಂಪನಿಯ ಸರ್ವಿಸ್ ವಿಜಯಪುರದಲ್ಲೂ ಆಗುತ್ತದೆ ಮಾಮಾ ಎಂದು ಹೇಳಲು ಬಾಯಿ ತೆರೆದೆ. ಕನ್ನಡಿಯಲ್ಲಿ ಮಾಮಿಯ ಮುಖ ಕಂಡಿತು. ಬಾಯಿ ಮುಚ್ಚಿ ಗೇರು ಬದಲಿಸಿದೆ.

ಸ್ವಲ್ಪ ಹೊತ್ತಿನ ಮೇಲೆ ಮಾಮಿ ಕೇಳಿದರು, "ಕೂಸು, ಮೊದಲನೇ ಸರ್ವಿಸ್ ಯಾವಾಗ?"

"ಸಾವಿರ ಕಿಲೋಮೀಟರ್ ಆದ ಮ್ಯಾಲ, ಮಾಮಿ."

"ಈಗ ಎಷ್ಟಾಗೇದ?"

"ನಾಕನೂರಾ ಹತ್ತು."

ಮಾಮಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಹಂಗಿದ್ರ ಬಂದ ದಾರೀಲೆ ಬ್ಯಾಡ. ಅಫಜಲಪುರ, ದೇವಣಗಾಂವ, ಸಿಂದಗಿ ಸುತ್ತು ಹಾಕಿ ಮನೀಗೆ ಹೋಗೋಣು."