ಪಂಡಿತರ ದವಡೆ ಹಲ್ಲು

ಆ ಶನಿವಾರ ಬೆಳಿಗ್ಗೆ ಕುದುರೆ ಪಂಡಿತರು ಬಾಯಿ ತೆರೆಯಲಿಲ್ಲ. ಎಡಗಡೆಯ ದವಡೆ ಹಲ್ಲು ನಸುಕಿನಲ್ಲೇ ಅವರನ್ನು ಒದ್ದು ಎಬ್ಬಿಸಿತ್ತು. ಕೆನ್ನೆ ಉಬ್ಬಿ ಆ ಕಡೆಯ ಕಣ್ಣನ್ನು ಮೇಲಕ್ಕೆ ತಳ್ಳಿತ್ತು. ಕನ್ನಡಿಯಲ್ಲಿ ನೋಡಿದರೆ ಅರ್ಧ ಮುಖ ತಮ್ಮದು, ಉಳಿದರ್ಧ ಯಾರೋ ಸುಖವಾಗಿ ತಿಂದುಂಡು ಬೆಳೆದ ಸಾಹುಕಾರನದು.

ಬೇರೆ ಯಾರಿಗೋ ಹಲ್ಲು ನೋವು ಬಂದಿದ್ದರೆ ಅದು ಅವರ ಮನೆಯ ಸುದ್ದಿಯಾಗಿ ಮುಗಿಯುತ್ತಿತ್ತು. ಪಂಡಿತರು ಬದುಕುತ್ತಿದ್ದದ್ದೇ ಬಾಯಿಂದ. ಒಂದು ಕಾಲದಲ್ಲಿ ಅವರು ಜಾಕಿ. ಆಳು ಗಿಡ್ಡ, ತೂಕ ಅದಕ್ಕಿಂತ ಗಿಡ್ಡ. ಕುದುರೆಯ ಮೇಲೆ ಕೂತದ್ದಕ್ಕಿಂತ ಕೆಳಗೆ ಬಿದ್ದದ್ದೇ ಹೆಚ್ಚು ಎಂದು ಆಗದವರು ಆಡಿಕೊಂಡರೆ, ಎಷ್ಟು ಬಿದ್ದರೂ ಮೀಸೆ ಮಣ್ಣಾಗಲಿಲ್ಲವಲ್ಲ ಎಂದು ಅವರು ಉತ್ತರ ಕೊಡುತ್ತಿದ್ದರು. ಕೊನೆಗೆ ಮೊಣಕಾಲು ಕೈಕೊಟ್ಟ ಮೇಲೆ ಸಂಜೆಪತ್ರಿಕೆಯಲ್ಲಿ ಅಂಕಣ, ಊರ ರೇಡಿಯೊದಲ್ಲಿ ಶನಿವಾರ ಮಧ್ಯಾಹ್ನ 'ಇಂದಿನ ಕುದುರೆ' ಎಂಬ ಮಾತುಗಾರಿಕೆ. ಕುದುರೆಯ ಕಿವಿ, ಗೊರಸು, ಅಪ್ಪ, ಅಜ್ಜ, ಲಾಳ ಹೊಡೆದವನ ಆವತ್ತಿನ ಮನಸ್ಥಿತಿ, ಇಷ್ಟನ್ನೂ ಅಳೆದು ತೂಗಿ ಗೆಲ್ಲುವ ಕುದುರೆಯ ಹೆಸರು ಹೇಳುತ್ತಿದ್ದರು. ಅದು ಗೆಲ್ಲುತ್ತಿರಲಿಲ್ಲ. ಪಂಡಿತರ ಬಾಯಿಗೆ ಬಿದ್ದ ಕುದುರೆಗೆ ಅಂದೇ ನೆಗಡಿಯಾಗುತ್ತಿತ್ತು, ಇಲ್ಲವೇ ನಡುದಾರಿಯಲ್ಲಿ ವೈರಾಗ್ಯ ಬರುತ್ತಿತ್ತು.

"ಲವಂಗ ಕಚ್ಕೊಂಡು ಕೂತ್ರೆ ಆಗಲ್ಲ ರೀ, ಮೊದ್ಲು ಹೋಗಿ ಕೀಳಿಸ್ಕೊಂಡ್ ಬನ್ನಿ" ಎಂದರು ಹೆಂಡತಿ, ಡಾಕ್ಟರ ಫೀಸನ್ನು ಅವರ ಜೇಬಿಗೆ ತುರುಕುತ್ತ. "ಮಧ್ಯಾಹ್ನ ರೇಡಿಯೊ ಇದೆ. ಇವತ್ತೂ ನೀವು ಹೇಳಿದ್ದು ನಿಜ ಆಗ್ದೇ ಹೋದ್ರೆ ನಿಮ್ಮ ಜಾಗದಲ್ಲಿ ಕೈತೋಟದ ಕಾರ್ಯಕ್ರಮ ಹಾಕ್ತೀನಿ ಅಂತ ಮ್ಯಾನೇಜರ್ ಹೇಳಿಲ್ವಾ?"

ಪಂಡಿತರಿಗೆ ಅದು ಹಲ್ಲಿಗಿಂತ ಹೆಚ್ಚು ನೋಯುತ್ತಿತ್ತು. ಈ ಸಲ ಅವರಿಗೆ ಅನುಮಾನವೇ ಇರಲಿಲ್ಲ. ದೊಡ್ಡ ಓಟದಲ್ಲಿ 'ಕರಿ ಮಿಂಚು' ಗೆಲ್ಲುತ್ತದೆ. ಆ ಕುದುರೆಯನ್ನು ಸೋಲಿಸಬೇಕಾದರೆ ಅದನ್ನು ಮನೆಯಲ್ಲೇ ಕಟ್ಟಿಹಾಕಬೇಕಿತ್ತು. ಅಷ್ಟು ಖಚಿತವಾಗಿ ಗೊತ್ತಿರುವ ದಿನವೇ ಬಾಯಿಗೆ ಬೀಗ!

ಮೆಟ್ಟಿಲಿಳಿದರೆ ಕೆಳಗೇ ಕ್ಷೌರದಂಗಡಿ. ಒಳಗೆ ನಿವೃತ್ತ ಮೇಷ್ಟ್ರು ಮುಖಕ್ಕೆ ಸೋಪು ಬಳಿಸಿಕೊಂಡು ಕೂತಿದ್ದರು. ಕ್ಷೌರಿಕ ಪ್ರತಿ ಶನಿವಾರದಂತೆ ಕೂಗಿದ: "ಪಂಡಿತ್ರೇ, ಇವತ್ತು ಯಾವ್ದು?" ಪಂಡಿತರು ಹೇಳಿದ್ದನ್ನು ಬಿಟ್ಟು ಮಿಕ್ಕವಕ್ಕೆ ಹಣ ಕಟ್ಟುವುದು ಅವನ ಪದ್ಧತಿ.

ಪಂಡಿತರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ತಲೆಯಾಡಿಸಿ, ತುಟಿಪಿಟಕ್ಕೆನ್ನದೆ ನಡೆದುಬಿಟ್ಟರು.

ಕ್ಷೌರಿಕನ ಕತ್ತಿ ಮೇಷ್ಟ್ರ ಕೆನ್ನೆಯ ನಡುಮಧ್ಯೆ ನಿಂತಿತು. "ಮೇಷ್ಟ್ರೇ, ನೋಡಿದ್ರಾ? ಬಾಯೇ ಬಿಡ್ಲಿಲ್ಲ! ಕೇಳದೇ ಇದ್ರೂ ಕುದುರೆ ಅಜ್ಜನ ಕತೆ ಹೇಳೋ ಮನುಷ್ಯ!"

ಮೇಷ್ಟ್ರು ನೊರೆಯ ಮುಖವನ್ನು ಬೀದಿಯತ್ತ ತಿರುಗಿಸಿದರು. "ಗೊತ್ತಿಲ್ಲದವನು ಮಾತಾಡ್ತಾನೆ ಕಣಯ್ಯ, ಗೊತ್ತಿರೋನು ಸುಮ್ನಿರ್ತಾನೆ. ಇಷ್ಟು ವರ್ಷ ಆ ಮನುಷ್ಯ ಮಾತಾಡ್ತಿದ್ರು. ಇವತ್ತು ಸುಮ್ನಿದ್ದಾರೆ."

"ಅಂದ್ರೆ?"

"ಅಂದ್ರೆ ಇವತ್ತು ಗೊತ್ತಿದೆ!"

ಇಬ್ಬರೂ ಬೀದಿಗಿಳಿದರು. ಕ್ಷೌರಿಕನ ಕೈಯಲ್ಲಿ ಬ್ರಷ್ಷು, ಮೇಷ್ಟ್ರ ಕುತ್ತಿಗೆಯಲ್ಲಿ ಬಿಳಿ ಬಟ್ಟೆ, ಅರ್ಧ ಮುಖದಲ್ಲಿ ನೊರೆ. ಇಂಥ ಜೋಡಿ ಓಡುವುದನ್ನು ಕಂಡ ಮೇಲೆ ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂರುವುದುಂಟೇ? ಬ್ರೆಡ್ಡು ಮಾರುವವನು ಬುಟ್ಟಿಯ ಸಮೇತ ಬಂದ. ಪಂಡಿತರು ದಂತವೈದ್ಯರ ಬಾಗಿಲು ಮುಟ್ಟುವ ಹೊತ್ತಿಗೆ ಅವರ ಬೆನ್ನಿಗೆ ಒಂದು ಮೆರವಣಿಗೆಯೇ ಇತ್ತು. ನೋವಿನಲ್ಲಿ ಅವರು ಹಿಂದಿರುಗಿ ನೋಡಿರಲಿಲ್ಲ.

ಡಾಕ್ಟರು ಬಾಯೊಳಗೆ ದೀಪ ಹಿಡಿದು ಶಿಳ್ಳೆ ಹೊಡೆದರು. "ಊತ ಜಾಸ್ತಿ ಇದೆ. ಈಗ ಕೀಳೋಕಾಗಲ್ಲ. ನೋವು ತಿಳೀದ ಹಾಗೆ ಸೂಜಿ ಚುಚ್ಚಿ ಮಾತ್ರೆ ಕೊಡ್ತೀನಿ. ಸಂಜೆ ಬನ್ನಿ, ಅದರ ಹುಟ್ಟಡಗಿಸೋಣ."

ಸೂಜಿ ಬಿದ್ದೊಡನೆ ನೋವು ಹೋಯಿತು. ಅದರ ಜೊತೆಗೆ ನಾಲಗೆಯೂ ಹೋಯಿತು. ಬಾಯಲ್ಲಿ ಯಾರೋ ಒದ್ದೆ ಕಾಲುಚೀಲ ಮರೆತುಹೋದ ಹಾಗಿತ್ತು. ಪಂಡಿತರು ಹೊರಗೆ ಬಂದರೆ ಕಾಯುವ ಕೋಣೆ ತುಂಬ ಹಲ್ಲು ಸರಿಯಿರುವ ಜನ!

ಕ್ಷೌರಿಕ ತೋಳು ಹಿಡಿದುಕೊಂಡ. "ನಾವೇನು ಹೊರಗಿನವ್ರಾ ಪಂಡಿತ್ರೇ? ನಿಮ್ಮ ತಲೆ ನನ್ನ ಕೈಯಲ್ಲೇ ಬೆಳ್ಳಗಾಗಿದ್ದು. ಒಂದೇ ಒಂದು ಹೆಸರು ಹೇಳಿ."

"ಬಿಡಿ ನನ್ನ!" ಎಂದರು ಪಂಡಿತರು. ಬಾಯಿಂದ ಬಂದದ್ದು "ಬಿಯಿ ಇನ್ನ!"

ಕೋಣೆಯ ಕತ್ತುಗಳೆಲ್ಲ ಮುಂದಕ್ಕೆ ಚಾಚಿದವು.

"ಬಿಳಿ ಚಿನ್ನ..." ಎಂದು ಉಸುರಿದ ಕ್ಷೌರಿಕ.

"ಮಾತು ಬೆಳ್ಳಿ, ಮೌನ ಬಂಗಾರ!" ಎಂದು ಮೇಷ್ಟ್ರು ತೊಡೆ ತಟ್ಟಿದರು. "ಬೆಳಿಗ್ಗೆಯಿಂದ ಮೌನದಲ್ಲೇ ಹೇಳ್ತಾ ಇದ್ರು ಕಣ್ರಯ್ಯಾ! ನಮಗೆ ತಿಳೀಲಿಲ್ಲ!"

ಬಿಳಿ ಚಿನ್ನ ಎಂಬ ಕುದುರೆ ನಿಜವಾಗಿಯೂ ಆ ದಿನದ ದೊಡ್ಡ ಓಟದಲ್ಲಿತ್ತು. ಓಡುವುದು ಬೇರೆಯವರ ಕೆಲಸ ಎಂದು ನಂಬಿದ್ದ ಮುದಿ ಹೆಣ್ಣು ಕುದುರೆ ಅದು. ಪಂಡಿತರು ಜಾಕಿಯಾಗಿ ಕೊನೆಯ ಸಲ ಹತ್ತಿದ್ದು ಅದನ್ನೇ. ಅವತ್ತು ಅದು ನಡುವೆ ನಿಂತು, ಬೇಲಿಯಾಚೆಯ ಹುಲ್ಲನ್ನು ಮೂಸಿ, ಆಮೇಲೆ ಯಾರೋ ಕರೆದಂತಾಗಿ ಹಿಂದಕ್ಕೆ ತಿರುಗಿತ್ತು. ಮಾಲೀಕರು ಅದನ್ನು ಓಟಕ್ಕೆ ಕಳಿಸುತ್ತಿದ್ದದ್ದು ಮನೆಯಲ್ಲಿ ಜಾಗ ಸಾಲದ್ದಕ್ಕೆ ಎಂದು ಜನ ಹೇಳುತ್ತಿದ್ದರು.

ಇಡೀ ಬೀದಿ ಹೋಗಿ ಆ ಕುದುರೆಗೆ ಹಣ ಕಟ್ಟಿದರೆ ಸಂಜೆ ಉಳಿದ ಹಲ್ಲುಗಳನ್ನು ಡಾಕ್ಟರು ಕೀಳಬೇಕಾಗಿಯೇ ಬರುವುದಿಲ್ಲ. ಪಂಡಿತರು ಬಾಗಿಲಿನಿಂದಲೇ ಕೈಚಾಚಿ ಡಾಕ್ಟರ ಮೇಜಿನ ಮೇಲಿದ್ದ ಔಷಧದ ಚೀಟಿಯೊಂದನ್ನು ಎಳೆದುಕೊಂಡು 'ಬಿಳಿ ಚಿನ್ನ ಬೇಡ' ಎಂದು ದಪ್ಪ ಅಕ್ಷರದಲ್ಲಿ ಬರೆದು ಎತ್ತಿ ಹಿಡಿದರು.

ಜನ ಓದಿದರು. ದರ್ಜಿಯ ಮುಖ ಬಾಡಿತು. ಆದರೆ ಮೇಷ್ಟ್ರು ಮುಗುಳ್ನಕ್ಕರು.

"ಇವರು ಇಷ್ಟು ವರ್ಷ ಪತ್ರಿಕೇಲಿ ಬರೆದದ್ದು ಒಂದಾದ್ರೂ ನಿಜ ಆಗಿದ್ಯಾ?"

"ಎಲ್ಲಿ ಸ್ವಾಮಿ, ಒಂದೂ ಇಲ್ಲ."

"ಈಗ ಬೇಡ ಅಂತ ಬರೆದಿದ್ದಾರೆ. ಅಂದ್ಮೇಲೆ?"

ಮೇಷ್ಟ್ರು ಬಿಡಿಸಿ ಹೇಳುವ ಮೊದಲೇ ಅರ್ಧ ಕೋಣೆ ಖಾಲಿಯಾಗಿತ್ತು. ಪಂಡಿತರು ಚೀಟಿ ಹಿಡಿದುಕೊಂಡು ಹಾಗೆಯೇ ನಿಂತರು. ಒಳಗಿನಿಂದ ಇಣುಕಿದ ಡಾಕ್ಟರು ಮಾತ್ರ, "ಯಾವ ಕುದುರೆ ಅಂದ್ರಿ?" ಎಂದು ಮೆಲ್ಲಗೆ ಕೇಳಿ ಬಾಗಿಲು ಹಾಕಿಕೊಂಡರು.

ಉಳಿದದ್ದು ಒಂದೇ ದಾರಿ, ರೇಡಿಯೊ. ಅಲ್ಲಿ ಹೇಗಾದರೂ ನಾಲಗೆ ತಿರುಗಿಸಿ ಕರಿ ಮಿಂಚಿನ ಹೆಸರು ಹೇಳಿಬಿಟ್ಟರೆ ಬೀದಿಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಪಂಡಿತರು ಕುಂಟುತ್ತ ಓಡಿದರು. ಆದರೆ ಮ್ಯಾನೇಜರು ಅವರ ಮಾತು ಕೇಳಿ ತಲೆಯ ಮೇಲೆ ಕೈಹೊತ್ತುಕೊಂಡರು. "ಏನ್ರೀ ಇದು? ಇನ್ನೇನು ಕಾರ್ಯಕ್ರಮ ಶುರುವಾಗ್ಬೇಕು! ನೀವಾಡೋದು ಯಾರಿಗ್ರೀ ಅರ್ಥವಾಗುತ್ತೆ?"

"ನನಗಾಗುತ್ತೆ ಸಾರ್" ಎಂಬ ದನಿ ಬಾಗಿಲಲ್ಲಿ ಕೇಳಿತು. ಕ್ಷೌರಿಕ! "ಬೆಳಿಗ್ಗೆಯಿಂದ ಜೊತೇಲೇ ಇದ್ದೀನಿ. ಅವರ ಭಾಷೆ ನನಗೆ ರೂಢಿಯಾಗಿದೆ."

ಮುಳುಗುವವನಿಗೆ ಹುಲ್ಲುಕಡ್ಡಿ. ಮ್ಯಾನೇಜರು ಇಬ್ಬರನ್ನೂ ಒಳಗೆ ತಳ್ಳಿದರು. ಕೆಂಪು ದೀಪ ಹತ್ತಿತು.

ಪಂಡಿತರು ಉಸಿರೆಳೆದುಕೊಂಡು, ಪ್ರಾಣವನ್ನೆಲ್ಲ ನಾಲಗೆಗೆ ತಂದು, "ಕರಿ ಮಿಂಚು" ಎಂದರು. ಮೈಕಿಗೆ ಹೋದದ್ದು "ಗಯಿ ಇಂಜು."

"ಬಿಳಿ ಚಿನ್ನ ಅಂತಿದ್ದಾರೆ" ಎಂದ ಕ್ಷೌರಿಕ, ಊರಿಗೆಲ್ಲ ಕೇಳುವಂತೆ.

ಅಲ್ಲ, ಅಲ್ಲ ಎನ್ನಲು ಹೋಗಿ "ಅಯ್ಯ! ಅಯ್ಯ!" ಎಂದು ಪಂಡಿತರು ಮೇಜು ಗುದ್ದಿದರು.

"ಖಂಡಿತ, ಖಂಡಿತ ಅಂತ ಮೇಜು ಗುದ್ದಿ ಹೇಳ್ತಿದ್ದಾರೆ."

ಪಂಡಿತರು ಅವನ ಕುತ್ತಿಗೆಗೆ ಕೈಹಾಕಿದರು.

"ತುಂಬಾ ಭಾವುಕರಾಗಿ ನನ್ನನ್ನ ಅಪ್ಕೊಂಡಿದ್ದಾರೆ. ನಮಸ್ಕಾರ."

ಹೊರಗೆ ಬಂದಾಗ ಪಂಡಿತರಿಗೆ ಅಳು ಬಂದಿತ್ತು. ಕುದುರೆಗಳ ನಡುವೆ ಆಯುಷ್ಯ ಸವೆಸಿ ಅವರು ಕಲಿತದ್ದನ್ನು ಜನ ಒಂದು ದಿನವೂ ನಂಬಲಿಲ್ಲ. ಹೇಳದೇ ಇದ್ದದ್ದನ್ನು ಇಡೀ ಊರು ನಂಬಿತು. ಮರ್ಯಾದೆಯ ಪ್ರಶ್ನೆಯೆಂದು ನೇರ ರೇಸ್ ಮೈದಾನಕ್ಕೆ ಹೋಗಿ, ಜೇಬಿನಲ್ಲಿದ್ದ ಹಲ್ಲಿನ ಫೀಸನ್ನು ಕರಿ ಮಿಂಚಿಗೆ ಕಟ್ಟಿದರು. ತಮ್ಮ ಮಾತನ್ನು ತಾವಾದರೂ ನಂಬಬೇಡವೇ?

ಓಟ ಶುರುವಾಯಿತು. ಪಂಡಿತರಿಗೆ ಕಾಣಲೆಂದು ಕ್ಷೌರಿಕ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಕರಿ ಮಿಂಚು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೊರಟಿತು. ಬಿಳಿ ಚಿನ್ನ ಎಲ್ಲರಿಗಿಂತ ಹಿಂದೆ, ಮಾರುಕಟ್ಟೆಗೆ ಹೊರಟ ಮುದುಕಿಯಂತೆ ಅತ್ತಿತ್ತ ನೋಡುತ್ತ ಬರುತ್ತಿತ್ತು. ಬೀದಿಯವರ ಕೂಗು ನಿಧಾನವಾಗಿ ಅಡಗಿತು. ಕ್ಷೌರಿಕನ ಕೈಗಳು ಪಂಡಿತರ ಕಾಲುಗಳನ್ನು ಬಿಗಿಯಾಗಿ ಹಿಡಿದವು. ಓಡಿಹೋಗದಿರಲಿ ಎಂದೇ ಇರಬೇಕು.

ಕೊನೆಯ ತಿರುವಿನಲ್ಲಿ ಯಾರದೋ ಟೋಪಿ ಗಾಳಿಗೆ ಹಾರಿ ಕರಿ ಮಿಂಚಿನ ಮುಖಕ್ಕೆ ಬಡಿಯಿತು. ಅದು ಬೆದರಿ, ಸವಾರನನ್ನು ಕೆಡವಿ, ಅಡ್ಡಲಾಗಿ ನುಗ್ಗಿತು. ಹಿಂದಿನವು ಅದಕ್ಕೆ ಡಿಕ್ಕಿ ಹೊಡೆಯದಿರಲು ಹೋಗಿ ಒಂದು ಬೇಲಿ ಹಾರಿತು, ಒಂದು ಮುಗ್ಗರಿಸಿತು, ಮಿಕ್ಕವು ಸುತ್ತಿಕೊಂಡು ನಿಂತವು. ಧೂಳೋ ಧೂಳು. ತೀರ ಹಿಂದಿದ್ದದ್ದರಿಂದ ಬಿಳಿ ಚಿನ್ನಕ್ಕೆ ಈ ಗಲಾಟೆಯ ಸಂಬಂಧವೇ ಇರಲಿಲ್ಲ. ಅದು ಪಕ್ಕದಿಂದ ದಾರಿ ಮಾಡಿಕೊಂಡು, ಇದೇನು ರಗಳೆ ಎಂಬಂತೆ ಒಮ್ಮೆ ನೋಡಿ, ನಡೆದುಕೊಂಡೇ ಗೆರೆ ದಾಟಿತು.

ಆಮೇಲೆ ನಡೆದದ್ದು ಪಂಡಿತರಿಗೆ ಸರಿಯಾಗಿ ನೆನಪಿಲ್ಲ. ಹೆಗಲಿಂದ ಹೆಗಲಿಗೆ ಅವರು ಚೆಂಡಿನಂತೆ ದಾಟುತ್ತಿದ್ದರು. ಮೇಷ್ಟ್ರು ಅಳುತ್ತಿದ್ದರು. ಮ್ಯಾನೇಜರು ಓಡಿಬಂದು, "ಕೈತೋಟ ರದ್ದು! ನೀವೇ ಖಾಯಂ! ಆದ್ರೆ ಮಾತು ಮಾತ್ರ ಹಿಂಗೇ ಇರ್ಬೇಕು, ಜನಕ್ಕೆ ಬಹಳ ಹಿಡಿಸಿದೆ" ಎಂದರು. ಸೂಜಿಯ ಮದ್ದು ಇಳಿದು ಹಲ್ಲು ಮತ್ತೆ ಒದೆಯತೊಡಗಿತ್ತು. ಪಂಡಿತರು ಹೇಗೋ ಜಾರಿಕೊಂಡು ಡಾಕ್ಟರ ಬಳಿಗೆ ಓಡಿ, ಕುರ್ಚಿಯಲ್ಲಿ ಕೂತು, ಬಾಯಿ ತೆರೆದರು. ಫೀಸು ನಾಳೆ ಎಂದು ಕೈಸನ್ನೆ ಮಾಡಿದರು.

"ಫೀಸಾ? ನಿಮ್ಮಿಂದ ಫೀಸಾ?" ಎಂದು ಡಾಕ್ಟರು ಕೈಮುಗಿದರು. "ಈ ವೃತ್ತೀಲಿ ನಾನು ಇಂಥಾ ಹಲ್ಲು ನೋಡಿಲ್ಲ ಪಂಡಿತ್ರೇ! ಇದಕ್ಕೆ ಇಕ್ಕಳ ಹಾಕಿದ್ರೆ ನನ್ನ ಕೈ ಬಿದ್ದುಹೋಗುತ್ತೆ. ಬೀದಿಯೋರು ಬೇರೆ ಹೊರಗೆ ಕಾವಲು ಕೂತಿದ್ದಾರೆ. ಮುಂದಿನ ಶನಿವಾರ ಕಳೀಲಿ, ನೋಡೋಣ."

ಮನೆಗೆ ಬಂದ ಪಂಡಿತರು ಹೆಂಡತಿಯ ಮುಂದೆ ಕೂತು ಮಗುವಿನಂತೆ ಅತ್ತರು. ಆಕೆ ಜನ್ಮದಲ್ಲಿ ಜೂಜಿನ ಹೆಸರೆತ್ತಿದವರಲ್ಲ. ಗಂಡ ಊದಿದ ಬಾಯಲ್ಲಿ ಹೇಳಿದ್ದೆಲ್ಲ, ಕ್ಷೌರಿಕನ ಸಹಾಯವಿಲ್ಲದೆಯೇ, ಅವರಿಗೆ ಅರ್ಥವಾಯಿತು.

"ಏನ್ ಜನಾನಪ್ಪ! ಏಳಿ, ಪಕ್ಕದ ಬೀದೀಲಿ ವಯಸ್ಸಾದ ಡಾಕ್ಟರೊಬ್ರಿದ್ದಾರೆ, ರೇಡಿಯೊ ಕೇಳೋರಲ್ಲ. ಹಿತ್ತಿಲ ಬಾಗಿಲಿಂದ ಹೋಗೋಣ."

ಪಂಡಿತರಿಗೆ ಹೆಂಡತಿ ದೇವತೆಯಂತೆ ಕಂಡರು. ದಪ್ಪ ಕನ್ನಡಕದ ಡಾಕ್ಟರು "ಯಾವ ಹಲ್ಲು?" ಎಂದು ಕೇಳಿದಾಗಲೂ ಆಕೆಯೇ ಮುಂದೆ ಬಾಗಿ ಬೆರಳಿಟ್ಟು ತೋರಿಸಿದರು. ಸೂಜಿ, ಇಕ್ಕಳ, ಒಂದು ಜಗ್ಗು. ಪಂಡಿತರಿಗೆ ಏನೂ ತಿಳಿಯಲಿಲ್ಲ. ಹೆಂಡತಿಯ ಕೈ ಹಿಡಿದುಕೊಂಡು ತೇಲುತ್ತ ಮನೆಗೆ ಬಂದು, ಹಾಯಾಗಿ ಕಾಲು ಚಾಚಿದರು.

ಸ್ವಲ್ಪ ಹೊತ್ತಿನಲ್ಲಿ ಮದ್ದು ಇಳಿಯತೊಡಗಿತು. ಇನ್ನೂ ಅರ್ಧ ಮರಗಟ್ಟಿದ್ದ ನಾಲಗೆ ಮೆಲ್ಲನೆ ಹುಡುಕಿಕೊಂಡು ಹೋಯಿತು. ಖಾಲಿ ಜಾಗ ಸಿಕ್ಕಿತು. ಅದರ ಪಕ್ಕದಲ್ಲೇ ಹಳೆಯ ವೈರಿ, ಮೊದಲಿಗಿಂತ ವಿಶಾಲವಾದ ಜಾಗದಲ್ಲಿ, ಆರಾಮಾಗಿ ನಿಂತು ಒದೆಯುತ್ತಿತ್ತು.

"ಏಯೇ ಅಲ್ಲು! ಅವಯು ಏಯೇ ಅಲ್ಲು ಕಿಯ್ಯಿಯ್ಯಾಯೆ!" ಎಂದು ಪಂಡಿತರು ಚೀರಿದರು.

"ಬೇರೆ ಹಲ್ಲೇ ರೀ, ಗೊತ್ತು. ನಾನೇ ತೋರ್ಸಿದ್ದು" ಎಂದರು ಹೆಂಡತಿ, ದಿಂಬು ಸರಿಮಾಡುತ್ತ. "ಅದು ಹೆಂಗೂ ಅಲ್ಲಾಡ್ತಾ ಇತ್ತು, ಇವತ್ತಲ್ಲ ನಾಳೆ ಬೀಳೋದೇ. ಇಡೀ ಬೀದಿ ನಿಮ್ಮ ಬಾಯಿಂದ ಉದ್ಧಾರ ಆಯ್ತು. ಕಟ್ಕೊಂಡೋಳು ನಾನೊಬ್ಳು ಬರೀ ಕೈಲಿ ಕೂತಿದ್ದೀನಿ."

ಆಮೇಲೆ ಎದ್ದು ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಹಾಕಿ ಬಂದು, ಕಿವಿಯನ್ನು ಗಂಡನ ಬಾಯಿಯ ಹತ್ತಿರಕ್ಕೆ ತಂದರು.

"ಆ ಕ್ಷೌರದವನಿಗೆ ಹೇಳೋಕೆ ಮುಂಚೆ ನನಗೆ ಹೇಳಿ. ಮುಂದಿನ ವಾರ ಯಾವ್ದು?"

"ಅಯ್ಯಯ್ಯಯ್ಯೋ..." ಎಂದು ಪಂಡಿತರು ನರಳಿದರು.

"ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದರು ಹೆಂಡತಿ. "ನಿಧಾನವಾಗಿ, ಬಿಡಿಸಿ ಹೇಳಿ."