ಸಿಗಡಿಯ ಮೇಲೆ ಬಂದ ಆರೋಪ

ಮೊದಲು ಗಂಭೀರ ಸುದ್ದಿ: ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸೋಮವಾರ ಬೆಳಿಗ್ಗೆ ಸಿಗಡಿಯ ವಾಸನೆ ಬಂತು. ನಮ್ಮಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಪ್ರತಿ ಸಲವೂ ತುರ್ತು ಸಭೆ ನಡೆಯುತ್ತದೆ.

ಸಭೆ

ಆ ವಾರ ಅರ್ಧ ಕಟ್ಟಡಕ್ಕೆ ವಾಂತಿ ಭೇದಿ. ಸಂಘದ ಕಾರ್ಯದರ್ಶಿಗಳು, ನಿವೃತ್ತ ಅಧಿಕಾರಿ, ಎದ್ದು ನಿಂತು ಕಾರಣ ಹೇಳಿದರು: "ಮಡಿವಾಳ ಮಾರ್ಕೆಟ್ಟಿಂದ ಸಿಗಡಿ ತರ್ತಾರಲ್ಲ, ಅದರದ್ದೇ ರೋಗ."

ಸಿಗಡಿ ತರುವವರು ಮೂರನೇ ಮಹಡಿಯ ಬಾಡಿಗೆದಾರ ಮೇಡಂ. ಅವರು ಕೇಳಿದರು, "ಸಾರ್, ತಿಂದಿದ್ದು ನಾವು. ಭೇದಿ ಆಗಿರೋದು ನಿಮಗೆ. ಅದು ಹೆಂಗೆ? ನಾವು ನೀರು ಕುದಿಸಿ ಕುಡೀತೀವಿ, ಅಷ್ಟೇ."

"ನಿಮಗೆ ಅಭ್ಯಾಸ ಆಗ್ಬಿಟ್ಟಿದೆ ಮೇಡಂ. ನಮಗೆ ವಾಸನೆಯೇ ಸಾಕು."

ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಇಬ್ಬರು ಆಮೇಲೆ ಓಡಿಹೋದರು, ಬೇರೆ ಕಾರಣಕ್ಕೆ.

ಡಾಕ್ಟರ ಪ್ರಶ್ನೆ

ಮರುದಿನ ಕಾರ್ಯದರ್ಶಿಗಳೇ ಮಲಗಿದರು. ಅವರ ಕಿಡ್ನಿ ಮೊದಲೇ ದುರ್ಬಲ. ಆಟೋದಲ್ಲಿ ನಾನೇ ಕರೆದುಕೊಂಡು ಹೋದೆ. ಡ್ರಿಪ್ ಹಾಕಿಸಿ ಡಾಕ್ಟರು ಹೇಳಿದರು, "ಇನ್ನೊಂದು ಸಲ ಹೀಗಾದ್ರೆ ಕಿಡ್ನಿ ತಡೆಯಲ್ಲ. ಸಂಪಿನ ನೀರು ಟೆಸ್ಟಿಗೆ ಕೊಡಿ. ಅಲ್ಲಿವರೆಗೂ ಕುದಿಸಿ ಕುಡೀರಿ."

"ಕಾವೇರಿ ನೀರು ಡಾಕ್ಟ್ರೇ," ಎಂದರು ಇವರು, ಯಾರೋ ತಮ್ಮ ವಂಶದ ಬಗ್ಗೆ ಅನುಮಾನ ಪಟ್ಟಂತೆ.

"ಸರಿ, ನಿಮ್ಮನೆಗೆ ಯಾವ ದಾರೀಲಿ ಬರತ್ತೆ?"

"ತಲಕಾವೇರಿಯಿಂದ."

ಡಾಕ್ಟರು ಇನ್ನೊಂದು ಬಾಟಲಿ ಡ್ರಿಪ್ ಬರೆದರು.

ಗಂಗಾಪೂಜೆ

ನೀರನ್ನು ಟೆಸ್ಟಿಗೆ ಕೊಟ್ಟೆವು. ಫಲಿತಾಂಶ ಬರುವ ಮುಂಚೆಯೇ ಸಂಪು ತೊಳೆಸಿ, ಹೊಸ ನೀರು ತುಂಬಿಸಿದರು. ತೊಳೆದ ಸಂಪಿಗೆ ಪೂಜೆಯಾಗದೆ ನೀರು ಬಳಸುವುದು ಹೇಗೆ? ಭಾನುವಾರ ಪುರೋಹಿತರು ಬಂದರು. ಸಂಪಿನಿಂದಲೇ ಒಂದು ತಂಬಿಗೆ ನೀರು ಎತ್ತಿ, ತುಳಸಿ ಹಾಕಿ, ಮಂತ್ರ ಹೇಳಿ ತೀರ್ಥ ಕೊಡತೊಡಗಿದರು.

ನಾನು ಕಾರ್ಯದರ್ಶಿಗಳ ಕಿವಿಯಲ್ಲಿ ಹೇಳಿದೆ, "ಸಾರ್, ನಿಮಗೆ ಬೇಡ. ಡಾಕ್ಟರು ಕುದಿಸಿ ಕುಡೀರಿ ಅಂದಿದಾರೆ."

"ತೀರ್ಥ ಯಾರಾದ್ರೂ ಕುದಿಸ್ತಾರೇನ್ರಿ?"

ಮೂರನೇ ಮಹಡಿಯ ಮೇಡಂ ಅಂಗೈಗೆ ಹಾಕಿಸಿಕೊಂಡು, ಕಣ್ಣಿಗೊತ್ತಿ, ತಲೆಗೆ ಸವರಿಕೊಂಡರು. ನಾನು ಕುಡಿದೆ, ಎಲ್ಲರೂ ನೋಡುತ್ತಿದ್ದರು. ಕಾರ್ಯದರ್ಶಿಗಳು ಮಾತ್ರ ಮತ್ತೆ ಕೈ ಚಾಚಿದರು: "ಇನ್ನೊಂದು ಸ್ವಲ್ಪ ಹಾಕಿ ಸ್ವಾಮಿ, ಕಿಡ್ನಿಗೆ ಒಳ್ಳೇದು."

ರಸ್ತೆಯಡಿ ಒಳಚರಂಡಿ ಪೈಪು ಒಡೆದು ಕೊಳಚೆ ಕುಡಿಯುವ ನೀರಿನ ಪೈಪಿಗೆ ಸೇರುತ್ತಿತ್ತು; ಸಂಪಿಗೆ ತುಂಬಿಸಿದ ಹೊಸ ನೀರೂ ಅದರಲ್ಲೇ ಬಂದಿತ್ತು. ಟೆಸ್ಟಿಗೆ ಕೊಟ್ಟ ನೀರಿನಲ್ಲಿ ಕಾಲರಾ ರೋಗಾಣು ಸಿಕ್ಕಿತು. ತೀರ್ಥ ಕುಡಿದ ನನಗೂ ಕಾರ್ಯದರ್ಶಿಗಳಿಗೂ ಭೇದಿ ಹಿಡಿಯಿತು; ನಾನು ಮಾತ್ರೆ ತೆಗೆದುಕೊಂಡು ಚೇತರಿಸಿಕೊಂಡೆ. ಕಾರ್ಯದರ್ಶಿಗಳು ಡಯಾಲಿಸಿಸ್ ನಡೆಯುತ್ತಿದ್ದಾಗ ಐಸಿಯುನಲ್ಲಿ ತೀರಿಕೊಂಡರು. ಪೈಪು ಬದಲಾಯಿಸಿದ್ದಾರೆ.