ಹಳೇ ಕರ್ನಲ್ಲು, ಅತ್ತೆಯವರ ಅಪ್ಪಣೆ

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಕಂಡರೆ ಸಾಕು, ಈ ಮನೆಯ ಯಜಮಾನರ ಕೈ ತುರಿಸುತ್ತದೆ. 'ಅಪ್‌ಡೇಟ್ ಬಂದಿದೆ' ಎಂದು ಅದು ಹೇಳಿದರೆ ಇವರಿಗೆ ರಾಜಾಜ್ಞೆ. ಅವತ್ತು ಸ್ನಾನಕ್ಕೆ ಹೊರಟ ಹೆಂಡತಿ ಕೈಮುಗಿದೇ ಹೇಳಿದ್ದರು: "ರೀ, ಹನ್ನೆರಡು ಗಂಟೆವರೆಗೂ ಅದನ್ನ ಮುಟ್ಟಬೇಡಿ." ನಾನೂರು ಪುಟದ ವೈದ್ಯಕೀಯ ಪುಸ್ತಕಕ್ಕೆ ಆಕೆ ಮೂರು ತಿಂಗಳು ಕೂತು ಪದಸೂಚಿ ಸಿದ್ಧಪಡಿಸಿದ್ದರು. ಹನ್ನೆರಡರೊಳಗೆ ಕಳಿಸದಿದ್ದರೆ ಪುಸ್ತಕ ಅದಿಲ್ಲದೇ ಅಚ್ಚಿಗೆ ಹೋಗುತ್ತಿತ್ತು.

ಆಕೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಜಮಾನರು ಕರ್ನಲನ್ನೇ ಬದಲಾಯಿಸಿಬಿಟ್ಟಿದ್ದರು. (ಕರ್ನಲ್ ಎಂದರೆ ಕಂಪ್ಯೂಟರಿನೊಳಗೆ ಕೂತು ಕೀಲಿಮಣೆ, ಪರದೆ, ವೈಫೈ ಎಲ್ಲವನ್ನೂ ಆಡಿಸುವ ಮಹಾಶಯ. ಈ ಮನೆಯಲ್ಲಿ ಆ ಕೆಲಸ ಯಾರದೆಂದು ಬಿಡಿಸಿ ಹೇಳಬೇಕಿಲ್ಲ.) ಹೊಸ ಮಹಾಶಯರಿಗೆ ವೈಫೈ ಹಿಡಿಯುವ ಅಡಾಪ್ಟರಿನ ಗುರುತೇ ಸಿಗಲಿಲ್ಲ.

"ವೈಫೈ ಎಲ್ರೀ?"

"ಡ್ರೈವರ್ ಅಂತ ಒಂದು ಸಾಫ್ಟ್‌ವೇರ್, ಅದನ್ನ ಇಳಿಸ್ಕೊಂಡ್ರೆ ಬಂದ್ಬಿಡತ್ತೆ."

"ಇಳಿಸ್ಕೊಳ್ಳಿ ಮತ್ತೆ."

"ಅದಕ್ಕೆ ಇಂಟರ್ನೆಟ್ ಬೇಕಲ್ಲೇ."

"ಇಂಟರ್ನೆಟ್‌ಗೆ?"

"ವೈಫೈ ಬೇಕು."

ತಂತಿ, ಪೆನ್ ಡ್ರೈವ್‌ಗಳ ಡಬ್ಬವನ್ನು ಹೋದ ಭಾನುವಾರವಷ್ಟೇ ಯಜಮಾನರು 'ಹಳೇ ಕಸ' ಎಂದು ಗುಜರಿಗೆ ಸಾಗಿಸಿದ್ದರು. ಫೋನಿನ ಇಂಟರ್ನೆಟ್ಟನ್ನೇ ಜೋಡಿಸೋಣವೆಂದರೆ, ಉಳಿದಿದ್ದ ಚಾರ್ಜರ್ ತಂತಿಗೆ ಕರೆಂಟು ಬಿಟ್ಟರೆ ಬೇರೇನೂ ಸಾಗಿಸಲು ಬಾರದು. ಅಡಾಪ್ಟರನ್ನು ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದರು. ಗಂಟೆ ಹನ್ನೊಂದೂ ನಲವತ್ತು. ಹೆಂಡತಿ ಬೈಯಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತರು. ಬೈಸಿಕೊಂಡು ಇಪ್ಪತ್ತು ವರ್ಷದ ಅಭ್ಯಾಸವಿದ್ದ ಯಜಮಾನರಿಗೆ ಈಗ ನಿಜಕ್ಕೂ ಹೆದರಿಕೆಯಾಯಿತು.

ಸೋಫಾದಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತೆ ಆಗ ಬಾಯಿಬಿಟ್ಟರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. "ಅಳಿಯಂದಿರೇ, ನಮ್ಮಲ್ಲಿ ಹೊಸ ಬೋರ್ಡ್ ಬಂದಾಗ ಹಳೇದನ್ನ ಆರು ತಿಂಗಳು ಪಕ್ಕದಲ್ಲೇ ಇಟ್ಕೊಂಡಿರ್ತಿದ್ವಿ. ನಿಮ್ಮ ಹಳೇದೆಲ್ಲಿ?"

"ಅತ್ತೆ, ಇದು ಕರ್ನಲ್ಲು! ಹೊಸದು ಬಂದ್ರೆ ಹಳೇದು ಹೋದ ಹಾಗೇ."

"ಇಷ್ಟು ಬುದ್ಧಿ ಇರೋ ಮಿಷನ್ನು ಅಂಥ ದಡ್ಡತನ ಮಾಡತ್ತಾ? ಒಂದ್ಸಲ ನೋಡಿ."

ಅವರದ್ದು ತಪ್ಪೆಂದು ತೋರಿಸಲೆಂದೇ ಯಜಮಾನರು ಕಂಪ್ಯೂಟರ್ ಆರಿಸಿ, ಮತ್ತೆ ಶುರುವಾಗುವಾಗ ಒಂದು ಕೀಲಿ ಒತ್ತಿ ಹಿಡಿದರು. ಕಪ್ಪು ಪರದೆಯಲ್ಲಿ ಎರಡು ಸಾಲು ಮೂಡಿದವು. ಮೇಲೆ ಹೊಸ ಕರ್ನಲ್. ಕೆಳಗೆ ಹಳೆಯದು, ಯಾರಾದರೂ ಕರೆಯಲಿ ಎಂದೇ ಕಾದು ಕೂತಂತೆ! ಅದನ್ನು ಒತ್ತಿದರು. ವೈಫೈ ಬಂತು. ಯಜಮಾನರಿಗೆ ಮೈ ಜುಮ್ಮೆಂದಿತು. ಎಲ್ಲೋ ಕೂತ ಯಾರೋ ಪುಣ್ಯಾತ್ಮರು, ಜಗತ್ತಿನಲ್ಲಿ ತಮ್ಮಂಥವರೂ ಇರುತ್ತಾರೆಂದು ಮೊದಲೇ ಊಹಿಸಿ ಹಳೆಯದನ್ನು ಎತ್ತಿಟ್ಟಿದ್ದರಲ್ಲ! ಅದಕ್ಕಿಂತ ದೊಡ್ಡ ವಿಸ್ಮಯವೆಂದರೆ, ಕರ್ನಲ್ ಎಂಬ ಹೆಸರನ್ನು ಅಂದೇ ಕೇಳಿದ ಅತ್ತೆಗೆ ಅದು ಬಟಾಣಿ ಬಿಡಿಸುತ್ತಲೇ ಹೊಳೆದದ್ದು. ಹನ್ನೊಂದೂ ಐವತ್ತೇಳಕ್ಕೆ ಪದಸೂಚಿ ಹೊರಟಿತು. ಹೆಂಡತಿ ಉಸಿರು ಬಿಟ್ಟರು.

ಅಷ್ಟರಲ್ಲಿ ಪರದೆ ಕೇಳಿತು: 'ಹಳೆಯ ಕರ್ನಲ್ ಜಾಗ ತಿನ್ನುತ್ತಿದೆ. ತೆಗೆದುಹಾಕಲೇ?' ಯಜಮಾನರ ಬೆರಳು ತಾನಾಗಿಯೇ 'ಹೌದು' ಕಡೆಗೆ ಹೊರಟಿತು.

"ರೀ!" ಎಂದರು ಹೆಂಡತಿ. "ಅಳಿಯಂದಿರೇ!" ಎಂದರು ಅತ್ತೆ. ಬಟಾಣಿಯ ಬುಟ್ಟಿ ಉರುಳಿತು, ಬೆರಳು ಅಲ್ಲೇ ನಿಂತಿತು.

ಅಂದೇ ಅಪ್‌ಡೇಟ್‌ಗೆ ಬೇಕಾದ ಪಾಸ್‌ವರ್ಡ್ ಬದಲಾಯಿತು. ಹೊಸದು ಅತ್ತೆಯವರಿಗೆ ಮಾತ್ರ ಗೊತ್ತು. ಈಗ ಕೆಂಪು ಚುಕ್ಕೆ ಕಂಡಾಗಲೆಲ್ಲ ಯಜಮಾನರು ಹೋಗಿ ಅವರೆದುರು ಕೈಕಟ್ಟಿ ನಿಲ್ಲುತ್ತಾರೆ. ಅತ್ತೆ ತಲೆ ಎತ್ತದೆ, ಮೂವತ್ತು ವರ್ಷ ಪಳಗಿದ ದನಿಯಲ್ಲಿ ಹೇಳುತ್ತಾರೆ:

"ದಯವಿಟ್ಟು ಕಾಯಿರಿ. ನೀವು ಸರದಿಯಲ್ಲಿದ್ದೀರಿ."